ಎಂಟು ಕೋರ್ ಇದ್ದರೂ ಫೋನ್ ಯಾಕೆ ನಿಲ್ಲುತ್ತದೆ? ಹುಬ್ಬಳ್ಳಿಯ ರಿಪೇರಿ ಟೇಬಲ್ಲಿನಿಂದ

"ಅಣ್ಣಾ, ಎಂಟು ಕೋರ್ ಐತಿ ಅಂತ ಹೇಳಿ ಕೊಟ್ಟಾರ. ಮತ್ಯಾಕ ಹ್ಯಾಂಗ್ ಆಗ್ತೈತಿ?" ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಕಡೆ ಮೊಬೈಲ್ ರಿಪೇರಿ ಅಂಗಡಿ ನಡೆಸುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೋರ್ ಅಂದರೆ ಫೋನಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ. ಒಳ್ಳೆಯ ಪ್ರಶ್ನೆ. ದುಡ್ಡು ಕೊಟ್ಟವರಿಗೆ ಉತ್ತರ ಸಿಗಲೇಬೇಕು.

ನಾನು ಮೊದಲು ಮಾಡೋದು ಇಷ್ಟೇ. ಫೋನಿನಲ್ಲಿ ಸಿಪಿಯು-ಝಡ್ ಆ್ಯಪ್ ಹಾಕಿ ಕೋರ್‌ಗಳ ಹೆಸರು ತೋರಿಸುತ್ತೇನೆ. ಎಂಟೂ ಕೋರ್ ಕಾರ್ಟೆಕ್ಸ್-ಎ53 ಆಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಅದು ಎಆರ್‌ಎಂ ಕಂಪನಿ 2012ರಲ್ಲಿ ಪ್ರಕಟಿಸಿದ ವಿನ್ಯಾಸ. ಕಡಿಮೆ ಕರೆಂಟಿನಲ್ಲಿ ಸಣ್ಣ ಕೆಲಸ ಮಾಡೋಕೆ ಅಂತಲೇ ಮಾಡಿದ್ದು. ಬಂದ ಕೆಲಸವನ್ನು ಬಂದ ಸಾಲಿನಲ್ಲೇ ಮಾಡುತ್ತದೆ. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿದ್ದೀರಿ ಅಂದುಕೊಳ್ಳಿ. ಮುಂದಿನವರು ಮರೆತ ಚೀಲ ತರೋಕೆ ಮನೆಗೆ ಹೋದರೆ ಎ53 ಅವರು ಬರೋವರೆಗೂ ಗಿರಣಿ ನಿಲ್ಲಿಸುತ್ತದೆ. ಎ76, ಎ78 ಥರದ ದೊಡ್ಡ ಕೋರ್ ಹಾಗಲ್ಲ, ಹಿಂದಿನವರ ಜೋಳ ತಗೊಂಡು ಬೀಸೋಕೆ ಶುರು ಮಾಡುತ್ತದೆ. ಸ್ನ್ಯಾಪ್‌ಡ್ರ್ಯಾಗನ್ 695 ಅನ್ನೋ ಪ್ರೊಸೆಸರಿನಲ್ಲಿ ಎರಡು ಎ78, ಆರು ಎ55 (ಎ53 ಥರದ್ದೇ ಸಣ್ಣ ಕೋರ್) ಇವೆ. ಹೀಲಿಯೋ ಪಿ35ರಲ್ಲಿ ಎಂಟೂ ಎ53. ಡಬ್ಬಿ ಮೇಲೆ ಎರಡಕ್ಕೂ ಬರೆಯೋದು 'ಆಕ್ಟಾ ಕೋರ್' ಅಂತಲೇ!

ಇಲ್ಲಿಗೆ ಬಂದ ದಾರಿ ಸಣ್ಣದಲ್ಲ. 2007ರ ಮೊದಲ ಐಫೋನಿನಲ್ಲಿ ಇದ್ದಿದ್ದು ಒಂದೇ ಕೋರ್, ವೇಗ 412 ಮೆಗಾಹರ್ಟ್ಸ್. ಮರುವರ್ಷ ಬಂದ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್‌ನಲ್ಲಿ 528. 2011ರಲ್ಲಿ ಎಲ್‌ಜಿ ಆಪ್ಟಿಮಸ್ 2ಎಕ್ಸ್ ಎರಡು ಕೋರ್ ತಂದಿತು. 2013ರಲ್ಲಿ ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ಎಚ್‌ಡಿ ಬಂದಾಗ ನಾಲ್ಕು ಕೋರ್ ಅನ್ನೋದು ನಮ್ಮಂಥವರ ಕೈಗೂ ಎಟುಕಿತು. ಅದರಲ್ಲಿದ್ದಿದ್ದು ಮೀಡಿಯಾಟೆಕ್‌ನ ಚಿಪ್. ಅದೇ ವರ್ಷ ಆ್ಯಪಲ್ ಎ7 ಚಿಪ್ ಬಂತು. ಫೋನಿನಲ್ಲಿ ಮೊದಲ 64-ಬಿಟ್ ಪ್ರೊಸೆಸರ್ ಅದು, ಒಳಗೆ 100 ಕೋಟಿಗೂ ಜಾಸ್ತಿ ಟ್ರಾನ್ಸಿಸ್ಟರ್, ಅಂದರೆ ಕರೆಂಟಿನ ಪುಟಾಣಿ ಸ್ವಿಚ್. ಹತ್ತು ವರ್ಷದ ನಂತರ ಎ17 ಪ್ರೋನಲ್ಲಿ ಅದು 1,900 ಕೋಟಿ ಆಯಿತು.

ಟ್ರಾನ್ಸಿಸ್ಟರ್ ಎಷ್ಟು ಸಣ್ಣದು ಅಂತ ಹೇಳೋ ನ್ಯಾನೋಮೀಟರ್ ಯಾಕೆ ಮುಖ್ಯ ಅನ್ನೋದು ನನಗೆ ತಿಳಿದಿದ್ದು ಗಿರಾಕಿಗಳ ಬ್ಯಾಟರಿಯಿಂದ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಎಲ್ಲರೂ ದಿನವಿಡೀ ವಿಡಿಯೋ ನೋಡತೊಡಗಿದರು. ಕೆಲವೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ರೆಡ್ಮಿ ನೋಟ್ 4 ಬಂತು. ಅದರ ಸ್ನ್ಯಾಪ್‌ಡ್ರ್ಯಾಗನ್ 625ರಲ್ಲಿ ಇದ್ದಿದ್ದು ಎಂಟು ಎ53 ಮಾತ್ರ. ಅದರ ಹಿಂದಿನ ನೋಟ್ 3ರಲ್ಲಿದ್ದ 650ಕ್ಕೆ ಎರಡು ದೊಡ್ಡ ಕೋರ್ ಇದ್ದವು. ಬ್ಯಾಟರಿ ಹೆಚ್ಚು ಕಡಿಮೆ ಅಷ್ಟೇ. ಆದರೂ ನೋಟ್ 4 ಇದ್ದವರು ಚಾರ್ಜರ್ ಹುಡುಕುತ್ತಿದ್ದುದು ಕಡಿಮೆ. 650 ತಯಾರಾಗಿದ್ದು 28 ನ್ಯಾನೋಮೀಟರ್‌ನಲ್ಲಿ, 625 ತಯಾರಾಗಿದ್ದು 14ರಲ್ಲಿ. ಟ್ರಾನ್ಸಿಸ್ಟರ್ ಸಣ್ಣದಾದಷ್ಟೂ ಕಡಿಮೆ ವೋಲ್ಟೇಜ್ ಸಾಕು, ಬಿಸಿಯೂ ಕಡಿಮೆ. ಈಗ 4, 3 ಅಂತ ಬರೆಯೋದು ಅಳತೆಗಿಂತ ಪೀಳಿಗೆಯ ಹೆಸರು, ಅಷ್ಟೇ. ಆದರೂ ಹೋಲಿಸೋಕೆ ಉಪಯೋಗಕ್ಕೆ ಬರುತ್ತದೆ.

ಬಿಸಿಯ ಮಾತನ್ನು ನಮ್ಮ ಕಡೆ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಡೆಲಿವರಿ ಹುಡುಗರು ಬೈಕ್ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿ ಮ್ಯಾಪ್ ಹಾಕಿಕೊಂಡು ಓಡಾಡುತ್ತಾರೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ವೇಗ ಇಳಿಸುತ್ತದೆ. ಇದಕ್ಕೇ ಥ್ರಾಟ್ಲಿಂಗ್ ಅನ್ನೋದು. ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋ ಮೊದಲು ನಾನು ಸಿಪಿಯು ಥ್ರಾಟ್ಲಿಂಗ್ ಟೆಸ್ಟ್ ಅನ್ನೋ ಆ್ಯಪ್ 15 ನಿಮಿಷ ಓಡಿಸುತ್ತೇನೆ. ಮೊದಲ ನಿಮಿಷದ ವೇಗ ಯಾವ ಫೋನಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ನನಗೆ ಬೇಕಾಗಿದ್ದು ಕೊನೆಯ ಐದು ನಿಮಿಷದ ಗ್ರಾಫ್.

ಪ್ರೊಸೆಸರಿಗೆ ನಾನು ಇಷ್ಟು ಗೌರವ ಕೊಡೋದಕ್ಕೆ ಇನ್ನೊಂದು ಕಾರಣ ಇದೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಸತ್ತ ಫೋನ್ ತಂದಿದ್ದರು. ಕೈಜಾರಿ ಬಿದ್ದಿತ್ತು. "ಫೋನ್ ಹೋದ್ರ ಹೋಗ್ಲಿರಿ, ಲೆಕ್ಕದ ಫೋಟೋ ಎಲ್ಲಾ ಅದರಾಗ ಅದಾವ" ಅಂದರು. ಬ್ಯಾಕಪ್ ಇರಲಿಲ್ಲ. ಹಿಂದೆಲ್ಲ ಮೆಮೊರಿ ಐಸಿ ಒಂದನ್ನೇ ಕಿತ್ತು ಡೇಟಾ ಓದಬಹುದಿತ್ತು. ಈಗ ಆಗಲ್ಲ. ಆಂಡ್ರಾಯ್ಡ್ 10ರಿಂದ ಹೊಸ ಫೋನ್‌ಗಳಿಗೆಲ್ಲ ಎನ್‌ಕ್ರಿಪ್ಶನ್, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಡೇಟಾ ಇಡೋದು, ಕಡ್ಡಾಯ. ಅದರ ಕೀಲಿ ಪ್ರೊಸೆಸರ್ ಒಳಗಿನ ಗುಟ್ಟಿಗೆ ಕಟ್ಟಿಕೊಂಡಿರುತ್ತದೆ. ಆ ಪ್ರೊಸೆಸರ್ ಎದ್ದರೆ ಮಾತ್ರ ಫೋಟೋ.

ಕರೆಂಟ್ ಎಷ್ಟು ಹರಿಯುತ್ತದೆ ಅಂತ ತೋರಿಸೋ ಡಿಸಿ ಸಪ್ಲೈಗೆ ಹಚ್ಚಿ ಪವರ್ ಕೀ ಒತ್ತಿದೆ. ಕರೆಂಟ್ ಸ್ವಲ್ಪ ಏರಿ ಅಲ್ಲೇ ನಿಂತಿತು. ಪ್ರೊಸೆಸರ್ ಮೇಲೆ ಬೆರಳಿಟ್ಟು ಒತ್ತಿ ನೋಡಿದರೆ ಲೋಗೋ ಬಂತು, ಬಿಟ್ಟರೆ ಹೋಯಿತು. ಪ್ರೊಸೆಸರನ್ನು ಬೋರ್ಡಿಗೆ ಹಿಡಿದಿಡೋ ಕೆಳಗಿನ ಸೋಲ್ಡರ್ ಬಾಲ್ ಬಿರುಕು ಬಿಟ್ಟಿವೆ ಅನ್ನೋದಕ್ಕೆ ಇದೇ ಗುರುತು. ಸುತ್ತಲಿನ ಕಪ್ಪು ಗಮ್ಮನ್ನು ಹಾಟ್ ಏರ್‌ನಿಂದ ಮೆತ್ತಗೆ ಮಾಡಿ ಕೆರೆದೆ. ಆಮೇಲೆ ಬ್ಲೇಡ್ ಹಾಕಿ ಎತ್ತಿದೆ. ಅದರ ಬೆನ್ನ ಮೇಲೇ ರ‍್ಯಾಮ್ ಕೂತಿರುತ್ತದೆ, ಬಿಸಿ ಜಾಸ್ತಿ ಆದರೆ ಎರಡೂ ಹೋಗುತ್ತವೆ. ಸ್ಟೆನ್ಸಿಲ್ ಇಟ್ಟು ಹೊಸ ಬಾಲ್ ಕೂರಿಸಿ ಮತ್ತೆ ಹಚ್ಚಿದೆ. ಫೋನ್ ಆನ್ ಆಯಿತು. ಡಿಸ್‌ಪ್ಲೇ ಸರಿಯಾಗಿ ಜೋಡಿಸೋ ಮೊದಲೇ ಫೋಟೋ ಎಲ್ಲಾ ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟೆ.

ಹೊಸ ಫೋನ್ ತಗೊಳ್ಳೋರಿಗೆ ಈಗ ನಾನು ಹೇಳೋದು: ಚಿಪ್‌ನ ಪೂರ್ತಿ ಹೆಸರು ಬರೆದುಕೊಂಡು ಬನ್ನಿ. ದೊಡ್ಡ ಕೋರ್ ಯಾವುದು, ಎಷ್ಟು ನ್ಯಾನೋಮೀಟರ್ ಅಂತ ಕೂತು ನೋಡೋಣ. ಸ್ಟೋರೇಜ್ ಇಎಂಎಂಸಿಯೋ ಯುಎಫ್‌ಎಸ್ಸೋ ಅದನ್ನೂ ಕೇಳಿ. ಇಎಂಎಂಸಿ ಒಂದು ಹೊತ್ತಿಗೆ ಓದುತ್ತದೆ ಇಲ್ಲಾ ಬರೆಯುತ್ತದೆ, ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಒಳ್ಳೆ ಪ್ರೊಸೆಸರ್ ಇದ್ದೂ ಆ್ಯಪ್ ತಡವಾಗಿ ತೆರೆದರೆ ನಾನು ಎರಡನೆಯದಾಗಿ ನೋಡೋದು ಅದನ್ನೇ.