ಸಣ್ಣ ನಗರದ ಹಿಂಸಾಪರಾಧದ ಏರಿಳಿತವನ್ನು ನಾನು ಅಳೆದ ಬಗೆ

ಸುಮಾರು 2 ಲಕ್ಷ ಜನರಿರುವ, ವರ್ಷಕ್ಕೆ 4ರಿಂದ 9 ಕೊಲೆಗಳು ನಡೆಯುವ ನಗರದಲ್ಲಿ ಹಿಂಸಾಪರಾಧದ ದಿಕ್ಕನ್ನು ಹುಡುಕುವುದು ಮರಳು ಹಿಂಡಿ ಎಣ್ಣೆ ತೆಗೆದಂತೆ ಎಂದು ನನ್ನ ಜೊತೆಗಾರರೇ ಹೇಳಿದ್ದರು. 18 ವರ್ಷಗಳ ದಾಖಲೆಗಳನ್ನು ಒಂದೇ ಅಳತೆಗೆ ತಂದು ಮುಗಿಸುವ ವೇಳೆಗೆ, ಹಾಗೆಂದವರಲ್ಲೇ ಒಬ್ಬರು ನನ್ನ ವರ್ಗೀಕರಣದ ಹಾಳೆಯನ್ನು ಕೇಳಿ ಪಡೆದರು. ಅದನ್ನು ಇಲ್ಲಿ ದಾಖಲಿಸುವಾಗ ಸ್ವಲ್ಪ ಸಂತೋಷವಾಗುವುದು ನಿಜ.

ಮೊದಲ ಪ್ರಯತ್ನದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಒಂದು ವರ್ಷ 4 ಇದ್ದ ಕೊಲೆಗಳು ಮರುವರ್ಷ 9 ಆದಾಗ ‘ಶೇ. 125 ಹೆಚ್ಚಳ’ ಎಂದು ವರದಿ ಬರೆದೆ. ಅದರ ಮುಂದಿನ ವರ್ಷ ಸಂಖ್ಯೆ 5ಕ್ಕೆ ಇಳಿದಾಗ ತಲೆ ತಗ್ಗಿಸಬೇಕಾಯಿತು. ಮೊದಲ ಎರಡು ವರ್ಷಗಳ (4 ಮತ್ತು 9) 13 ಕೊಲೆಗಳನ್ನು 13 ನಾಣ್ಯಗಳೆಂದು ತಿಳಿದು ಚಿಮ್ಮಿದರೆ, ಯಾವುದಾದರೂ ಒಂದೇ ಮುಖ 9 ಅಥವಾ ಅದಕ್ಕಿಂತ ಹೆಚ್ಚು ಬಾರಿ ಬೀಳುವ ಸಂಭವ ಶೇ. 27ರ ಹತ್ತಿರವಿದೆ. ಅಂದರೆ ಊರಿನಲ್ಲಿ ಏನೂ ಬದಲಾಗದಿದ್ದರೂ ಇಷ್ಟು ವ್ಯತ್ಯಾಸ ಆಗಾಗ ಕಾಣಿಸಿಕೊಳ್ಳುತ್ತದೆ. ಮೂರು ವರ್ಷಗಳ ಚಲಿಸುವ ಸರಾಸರಿ, ಅಂದರೆ ಒಂದೊಂದೇ ವರ್ಷ ಮುಂದೆ ಸರಿಯುತ್ತ ಮೂರು ಮೂರು ವರ್ಷಗಳ ಸರಾಸರಿ, ಹಾಕಿ ನೋಡಿದೆ. ಗೆರೆ ನಯವಾಯಿತೇ ಹೊರತು ಇಲ್ಲದ ಅಲೆಗಳು ಮೂಡಿದವು, ಇದ್ದ ತಿರುವುಗಳು ತಡವಾಗಿ ಕಂಡವು.

ಹಣ ಪೋಲಾದದ್ದು ಇದಾದ ಮೇಲೆ. ಅಪರಾಧ ನಕ್ಷೆಯ ತಂತ್ರಾಂಶವೊಂದರ ಪರವಾನಗಿಗೆ ಎರಡು ತಿಂಗಳ ಗಳಿಕೆಯನ್ನು ಸುರಿದೆ. ಅದು ಬಣ್ಣಬಣ್ಣದ ನಕ್ಷೆಗಳನ್ನು ಕೊಟ್ಟಿತು, ಆದರೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕೊನೆಗೆ ಕೆಲಸ ಮುಗಿದದ್ದು ಉಚಿತವಾಗಿ ಸಿಗುವ, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ದತ್ತಾಂಶ ತುಂಬಿಸುವ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿದ್ದು ಇನ್ನೂ ದುಬಾರಿಯಾಯಿತು. ಅವರು ದೂರಿನ ಸಾರಾಂಶವನ್ನು ಓದದೆ, ಕಲಂ ಸಂಖ್ಯೆಯನ್ನಷ್ಟೇ ನೋಡಿ ವಿಂಗಡಿಸಿದ್ದರಿಂದ ಸುಮಾರು 6,000 ಪ್ರಕರಣಗಳನ್ನು ಮೊದಲಿನಿಂದ ಓದಬೇಕಾಯಿತು.

ಹಾಗೆ ಓದಿದ್ದೇ ದಾರಿ ತೋರಿಸಿತು. ಕಬ್ಬಿಣದ ಸಲಾಕೆಯ ಏಟಿಗೆ ಮುಂಗೈ ಮೂಳೆ ಮುರಿದ ಪ್ರಕರಣವೊಂದು ‘ಸಾಧಾರಣ ಹಲ್ಲೆ’ಯ ಪಟ್ಟಿಯಲ್ಲಿತ್ತು, ಚಾಕು ತೋರಿಸಿ ಬೆದರಿಸಿದ, ಗೀರೂ ಬೀಳದ ಜಗಳವೊಂದು ‘ಕೊಲೆ ಯತ್ನ’ವಾಗಿತ್ತು. ಆದ್ದರಿಂದ ಕಾನೂನಿನ ಹೆಸರನ್ನು ಬದಿಗಿಟ್ಟು ಗಾಯವನ್ನೇ ಅಳತೆಗೋಲಾಗಿಸಿಕೊಂಡೆ. ಇರಿತದ ಗಾಯ, ಗುಂಡೇಟು, ಮುರಿದ ಮೂಳೆ, ಸಾವು, ಇವಿಷ್ಟೇ ನನ್ನ ‘ಗಂಭೀರ ಹಿಂಸೆ’. ಒಂದು ರಾತ್ರಿ ಆಸ್ಪತ್ರೆಯಲ್ಲಿ ಉಳಿದಿರಬೇಕೆಂಬ ಷರತ್ತನ್ನು ಮೊದಲು ಸೇರಿಸಿದ್ದೆ. ಹಾಸಿಗೆಗಳು ಕಡಿಮೆಯಾದಾಗ ದಾಖಲಾತಿಯೂ ಇಳಿಯುವುದನ್ನು ಕಂಡು ಕೈಬಿಟ್ಟೆ. ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ ತಾಳೆ ನೋಡಿದೆವು. ಇಬ್ಬರ ವಿಂಗಡಣೆ ಎಷ್ಟು ಹೊಂದುತ್ತದೆಂದು ಹೇಳುವ ಕಪ್ಪಾ ಮೌಲ್ಯ (ಪೂರ್ತಿ ಹೊಂದಿದರೆ 1) ಮೊದಲು 0.6ರ ಆಸುಪಾಸಿನಲ್ಲಿತ್ತು, ವ್ಯಾಖ್ಯೆಯನ್ನು ಮೂರು ಬಾರಿ ತಿದ್ದಿದ ಮೇಲೆ 0.8 ದಾಟಿತು.

ದೂರು ದಾಖಲಾದ ದಿನವನ್ನು ಬಿಟ್ಟು ಘಟನೆ ನಡೆದ ದಿನವನ್ನು ತೆಗೆದುಕೊಂಡೆ. ಬಾಕಿ ಉಳಿದ ದೂರುಗಳನ್ನು ಒಂದೇ ತಿಂಗಳಲ್ಲಿ ದಾಖಲಿಸಿದ ಕಡೆ ಎದ್ದಿದ್ದ ಸುಳ್ಳು ಶಿಖರ ಇದರಿಂದ ಕರಗಿತು. ನಗರದ ಗಡಿ ನಡುವೆ ಹಿಗ್ಗಿದ್ದರಿಂದ, ಹಳೆಯ ಗಡಿಯೊಳಗಿನ ಘಟನೆಗಳನ್ನೂ ಅಷ್ಟೇ ಪ್ರದೇಶದ ಜನಸಂಖ್ಯೆಯನ್ನೂ ಕೊನೆಯವರೆಗೆ ಉಳಿಸಿಕೊಂಡೆ.

ಅಧಿಕೃತ ಪಟ್ಟಿಯಲ್ಲಿ ಹಲ್ಲೆಗಳು ಎರಡೇ ವರ್ಷಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಗಿದ್ದವು. ಆದರೆ ಆ ಏರಿಕೆಯೆಲ್ಲ ಬಂದದ್ದು ಗಾಯವಿಲ್ಲದ ಪ್ರಕರಣಗಳಿಂದ; ಪ್ರತಿ ದೂರನ್ನೂ ದಾಖಲಿಸಲೇಬೇಕೆಂಬ ಆದೇಶ ಹೊರಟ ತಿಂಗಳಿನಿಂದಲೇ ಅದು ಶುರುವಾಗಿತ್ತು. ಇದು ಒಂದೂರಿನ ಕತೆಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ತಪಾಸಣೆಯು ಪೊಲೀಸರಿಗೆ ತಿಳಿಸಿದ ಹಿಂಸಾ ಪ್ರಕರಣಗಳಲ್ಲಿ ಶೇ. 33ರಷ್ಟು ದಾಖಲಾಗಿಯೇ ಇರಲಿಲ್ಲವೆಂದು ಕಂಡುಕೊಂಡಿತು. ಅದರ ನಂತರ ದಾಖಲಾದ ಹಿಂಸೆ ಏರುತ್ತಾ ಹೋಯಿತು, ಮನೆಮನೆಯ ಸಮೀಕ್ಷೆ ಅಂಥ ಏರಿಕೆಯನ್ನು ತೋರಿಸಲಿಲ್ಲ. ಅಮೆರಿಕದ ಹಳೆಯ ಪದ್ಧತಿಯಲ್ಲಿ ಒಂದು ಘಟನೆಯ ಅತಿ ಗಂಭೀರ ಅಪರಾಧವೊಂದನ್ನೇ ಎಣಿಸುತ್ತಿದ್ದರು. 2021ರಲ್ಲಿ ಪದ್ಧತಿ ಬದಲಾದಾಗ ಅನೇಕ ಇಲಾಖೆಗಳು ಅಂಕಿಗಳನ್ನೇ ಕಳಿಸಲಿಲ್ಲ. ಇಂಥ ತೇದಿಗಳಲ್ಲಿ ನಾನು ಗೆರೆಯನ್ನು ತುಂಡರಿಸುತ್ತೇನೆ, ಜೋಡಿಸಲು ಹೋಗುವುದಿಲ್ಲ.

ಪೊಲೀಸ್ ಕಡತವೊಂದನ್ನೇ ನಂಬಲಾಗದೆಂದು ಆಸ್ಪತ್ರೆಯ ತುರ್ತು ವಿಭಾಗದ ದಾಖಲೆಗಳನ್ನೂ ಹಿಡಿದೆ. ವೇಲ್ಸ್‌ನ ಕಾರ್ಡಿಫ್ ನಗರದ ಶಸ್ತ್ರಚಿಕಿತ್ಸಕ ಜೊನಾಥನ್ ಶೆಫರ್ಡ್ 1990ರ ದಶಕದಲ್ಲಿ ತೋರಿಸಿಕೊಟ್ಟ ದಾರಿಯಿದು. ರೋಗ ಮತ್ತು ಗಾಯಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರ ಎಕ್ಸ್85ರಿಂದ ವೈ09ರವರೆಗಿನ ಸಂಕೇತಗಳು ಹಲ್ಲೆಯವು. ಉದ್ದೇಶ ತಿಳಿಯದ ಗಾಯಗಳ ವೈ10ರಿಂದ ವೈ34ನ್ನು ಸೇರಿಸಿಯೂ ಬಿಟ್ಟೂ ಲೆಕ್ಕ ಹಾಕಿದೆ. ‘ಜಾರಿ ಬಿದ್ದೆ’ ಎಂದು ಬರೆಸಿದವರಲ್ಲೂ ಒಂದು ಸುಳಿವಿದೆ. ಕೈಯೂರಿ ಬಿದ್ದವರಿಗೆ ಸಾಮಾನ್ಯವಾಗಿ ಮಣಿಕಟ್ಟಿನ ಬಳಿ ಮೂಳೆ ಮುರಿಯುತ್ತದೆ. ಏಟು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈನ ಕಿರುಬೆರಳ ಬದಿಯ ಮೂಳೆ ನಡುವೆ ಮುರಿಯುವುದುಂಟು. ಅಂಥವನ್ನು ಗುರುತು ಹಾಕಿ ಬೇರೆ ಇಟ್ಟೆ. ಹೆಸರಿಲ್ಲದ ಪೊಲೀಸ್ ಮತ್ತು ಆಸ್ಪತ್ರೆ ಕಡತಗಳೆರಡನ್ನು ವಯಸ್ಸು, ಲಿಂಗ, ದಿನ, ಗಾಯದ ಜಾಗಗಳಿಂದ ಹೊಂದಿಸಿದೆ. ಯಾವುದಕ್ಕೆ ಎಷ್ಟು ತೂಕ ಕೊಟ್ಟೆನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ನಡುವೆ ಹುಣ್ಣಿಮೆಯ ರಾತ್ರಿಗಳನ್ನೂ ಪರೀಕ್ಷಿಸಿದೆ, ಒಂದು ವಾರ ವ್ಯರ್ಥವಾಯಿತು. ಬಿಸಿಲಿನ ತಾಪದೊಂದಿಗೆ ತೆಳುವಾದ ಸಂಬಂಧ ಕಂಡಿತು, ವಾರಾಂತ್ಯದ ರಾತ್ರಿಗಳನ್ನು ಬೇರ್ಪಡಿಸಿದಾಗ ಅದರಲ್ಲಿ ಅರ್ಧ ಮಾಯವಾಯಿತು.

ತಿಂಗಳಿಗೆ ಹತ್ತು ಹದಿನೈದು ಗಂಭೀರ ಗಾಯಗಳು ಸಿಕ್ಕಿದ್ದರಿಂದ, ಕೊಲೆಗಳು ಹೇಳದ ಮಾತನ್ನು ಇವು ಹೇಳಿದವು. ಮೊದಲ 10 ವರ್ಷ ಗೆರೆ ಸಮತಟ್ಟಾಗಿತ್ತು. ಆಮೇಲೆ ನಿಧಾನವಾಗಿ ಇಳಿದು, ಕೊನೆಗೆ ಸುಮಾರು ಕಾಲು ಭಾಗ ಕಡಿಮೆಯಾಯಿತು. ಪೊಲೀಸ್ ಗೆರೆ ಬಾಗಿದ ಮೂರ್ನಾಲ್ಕು ತಿಂಗಳ ಅಂತರದಲ್ಲೇ ಆಸ್ಪತ್ರೆಯ ಗೆರೆಯೂ ಬಾಗಿತ್ತು. ಆಕ್ಷೇಪಿಸುತ್ತಿದ್ದವರು ಸುಮ್ಮನಾದದ್ದು ಈ ಒಂದು ಚಿತ್ರವನ್ನು ನೋಡಿ.

ಬೀದಿ ಜಗಳಗಳನ್ನು ಬೇರೆ ಮಾಡಿ ಮನೆಯೊಳಗಿನ ಹಿಂಸೆಯನ್ನಷ್ಟೇ ನೋಡಿದರೆ ಇಳಿಕೆ ಕಾಣುವುದಿಲ್ಲ. ಅಲ್ಲಿ ವರ್ಷಕ್ಕೆ ಮೂವತ್ತರಷ್ಟು ಪ್ರಕರಣಗಳು ಮಾತ್ರ ನನ್ನ ಜರಡಿಯಲ್ಲಿ ಉಳಿಯುತ್ತವೆ, ‘ಜಾರಿ ಬಿದ್ದೆ’ ಎಂದವರ ಗುರುತುಗಳಲ್ಲಿ ಹೆಚ್ಚಿನವೂ ಅಲ್ಲಿಯವೇ ಇರಬಹುದೆಂಬ ಅನುಮಾನ ನನಗಿದೆ. ಆ ಹಾಳೆಗಳನ್ನು ಈಗ ಎರಡನೆಯ ಸಲ ಓದುತ್ತಿದ್ದೇನೆ.