ವರ್ಕೌಟ್‌ಗೆ ಎರಡು ಸಾವಿರದೊಳಗೆ ಬ್ಲೂಟೂತ್ ಇಯರ್‌ಫೋನ್ ತಗೋಳೋದು ಹೇಗೆ

ಜಿಮ್‌ಗೆ ಸೇರಿದ್ಮೇಲೆ ಶೂ ಬಿಟ್ರೆ ಎಲ್ರೂ ಮೊದ್ಲು ತಗೋಳೋ ಐಟಂ ಅಂದ್ರೆ ಬ್ಲೂಟೂತ್ ಇಯರ್‌ಫೋನ್. ಆನ್‌ಲೈನಲ್ಲಿ ಹುಡುಕಿದ್ರೆ 800ರಿಂದ 2000 ರೂಪಾಯಿ ಒಳಗೇ ಬೋಟ್, ನಾಯ್ಸ್, ಬೋಲ್ಟ್, ರಿಯಲ್‌ಮಿ, ಒನ್‌ಪ್ಲಸ್ ಅಂತ ರಾಶಿ ರಾಶಿ ಮಾಡೆಲ್ ಬರ್ತಾವೆ, ಎಲ್ಲದರ ಬಾಕ್ಸ್ ಮೇಲೂ 13 ಎಂಎಂ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್), 50 ಗಂಟೆ ಬ್ಯಾಟರಿ, ಗೇಮಿಂಗ್ ಮೋಡ್ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ವರ್ಕೌಟ್‌ಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಕಿವಿಯಿಂದ ಬೀಳಬಾರದು, ಬೆವರಿಗೆ ಕೆಡಬಾರದು, ಒದ್ದೆ ಕೈಯಲ್ಲೂ ಹಾಡು ಬದಲಾಯಿಸೋಕೆ ಆಗ್ಬೇಕು. ದುಡ್ಡು ಹಾಕೋದಿದ್ರೆ ಇದಕ್ಕೇ ಹಾಕಿ.

ಮೊದ್ಲು ಕುತ್ತಿಗೆಗೆ ಹಾಕೋ ಪಟ್ಟಿ ಇರೋ ನೆಕ್‌ಬ್ಯಾಂಡಾ, ವೈರೇ ಇಲ್ಲದೆ ಕಿವಿಗೊಂದೊಂದು ಬಿಡಿಬಿಡಿಯಾಗಿ ಬರೋ ಬಡ್ಸಾ ಅಂತ ತೀರ್ಮಾನ ಮಾಡ್ಕೊಳ್ಳಿ, ಅದು ನೀವು ಮಾಡೋ ಎಕ್ಸರ್‌ಸೈಜ್ ಮೇಲೆ ನಿಂತಿದೆ. ವಾಕಿಂಗ್, ಜಾಗಿಂಗ್, ಸೈಕ್ಲಿಂಗ್ ಮಾಡೋರಿಗೆ ನೆಕ್‌ಬ್ಯಾಂಡೇ ಬೆಸ್ಟ್ ಅಂತ ನಾನು ಈಗ್ಲೂ ಹೇಳ್ತೀನಿ, ಈಗ ಯಾರೂ ಹಾಕೋದಿಲ್ಲ, ಹಳೇ ಸ್ಟೈಲು ಅಂತ ಫ್ರೆಂಡ್ಸ್ ಅಂದ್ರೂ ತಲೆ ಕೆಡಿಸ್ಕೋಬೇಡಿ. ಕಿವಿಯಿಂದ ಜಾರಿದ್ರೂ ಕುತ್ತಿಗೆಯಲ್ಲೇ ಇರತ್ತೆ, ಯಾರಾದ್ರೂ ಮಾತಾಡ್ಸಿದ್ರೆ ಎರಡೂ ತುದಿ ಮ್ಯಾಗ್ನೆಟ್‌ಗೆ ಅಂಟಿಸಿ ಬಿಟ್ರಾಯ್ತು, ಬ್ಯಾಟರಿ ದೊಡ್ಡದು, ಚರಂಡಿಗೆ ಬಿದ್ದು ಒಂದು ಸೈಡ್ ಕಳೆದುಹೋಗೋ ಭಯ ಇಲ್ಲ. ಆದ್ರೆ ವೇಟ್ಸ್ ಎತ್ತೋರಿಗೆ ಇದೇ ನೆಕ್‌ಬ್ಯಾಂಡ್ ಕಾಟ ಕೊಡತ್ತೆ. ಬೆಂಚ್ ಪ್ರೆಸ್‌ಗೆ ಮಲಗಿದ್ರೆ ಕುತ್ತಿಗೆ ಕೆಳಗೆ ಒತ್ತತ್ತೆ, ಸ್ಕ್ವಾಟ್‌ಗೆ ಬಾರ್ ಹೆಗಲ ಮೇಲೆ ಇಟ್ರೆ ಅದರಡಿಗೆ ಸಿಕ್ಕಿಹಾಕ್ಕೊಳ್ಳತ್ತೆ. ಅಂಥವರು ಬಡ್ಸ್ ತಗೊಳ್ಳಿ, ಬರ್ಪೀಸ್, ಸ್ಕಿಪ್ಪಿಂಗ್ ಕೂಡ ಮಾಡ್ತೀರ ಅಂದ್ರೆ ಕಿವಿ ಹಿಂದೆ ಸುತ್ತಿಕೊಳ್ಳೋ ಹುಕ್ ಇರೋದನ್ನೇ ನೋಡಿ. ಕನ್ನಡಕ ಹಾಕೋರು ಮಾತ್ರ ಹುಕ್ ಇರೋದನ್ನ ಹಾಕಿ ನೋಡದೆ ತಗೋಬೇಡಿ, ಕನ್ನಡಕದ ಕಡ್ಡಿ ಕೂರೋ ಜಾಗದಲ್ಲೇ ಹುಕ್ಕೂ ಕೂರಬೇಕು, ಅರ್ಧ ಗಂಟೆಗೆ ಕಿವಿ ನೋಯೋಕೆ ಶುರುವಾಗತ್ತೆ.

ಈಗ ಫಿಟ್ಟಿಂಗ್ ವಿಷಯ. ಹೆಚ್ಚಿನವರು ಬಾಕ್ಸ್ ತೆಗೆದು ಅದರಲ್ಲಿ ಮೊದಲೇ ಹಾಕಿರೋ ಮೀಡಿಯಂ ರಬ್ಬರನ್ನೇ ಕೊನೇವರೆಗೂ ಬಳಸ್ತಾರೆ, ಜೊತೆಗೆ ಕೊಟ್ಟಿರೋ ಸ್ಮಾಲು, ಲಾರ್ಜು ಡ್ರಾಯರ್ ಸೇರಿರತ್ತೆ. ಮೂರನ್ನೂ ಹಾಕಿ ನೋಡಿ. ಎಡಕಿವಿ, ಬಲಕಿವಿ ಒಂದೇ ಸೈಜ್ ಇರಬೇಕು ಅಂತಿಲ್ಲ, ಒಂದಕ್ಕೆ ಮೀಡಿಯಂ ಇನ್ನೊಂದಕ್ಕೆ ಲಾರ್ಜ್ ಹಾಕ್ಕೊಂಡ್ರೂ ಏನೂ ತಪ್ಪಿಲ್ಲ. ಹಾಕ್ಕೊಂಡು ಬಾಯಿ ದೊಡ್ಡದಾಗಿ ತೆಗೆದು ಮುಚ್ಚಿ, ಏನಾದ್ರೂ ಅಗಿಯೋ ಥರ ದವಡೆ ಆಡಿಸಿ, ನಿಂತಲ್ಲೇ ಹತ್ತು ಸಲ ಜಿಗೀರಿ. ದವಡೆ ಆಡಿದಾಗ ಕಿವಿಯ ಒಳದಾರಿಯ ಆಕಾರನೇ ಬದಲಾಗತ್ತೆ, ಸುಮ್ನೆ ಕೂತಾಗ ಗಟ್ಟಿಯಾಗಿ ಕೂತಿದ್ದು ಓಡುವಾಗ ಮೆಲ್ಲಗೆ ಜಾರಿ ಬರೋದಕ್ಕೆ ಇದೂ ಒಂದು ಕಾರಣ. ಬಾಸ್ (ಹಾಡಿನ ದಪ್ಪ ಸದ್ದು) ಕೇಳ್ತಾನೇ ಇಲ್ಲ, ಸೌಂಡ್ ತೆಳ್ಳಗಿದೆ ಅಂತ ಬಯ್ಯೋರು ಮೊದ್ಲು ಒಂದು ಸೈಜ್ ದೊಡ್ಡ ರಬ್ಬರ್ ಹಾಕಿ ನೋಡಿ, ಸೀಲ್ ಸರಿಯಾಗಿ ಆಗ್ಲಿಲ್ಲ ಅಂದ್ರೆ ಬಾಸ್ ಎಲ್ಲಾ ಸೋರಿ ಹೋಗತ್ತೆ. ಈ ಸಿಲಿಕೋನ್ ರಬ್ಬರ್ ಬೆವರಿಗೆ ಜಾರ್ತಾ ಇದ್ರೆ ಮೆಮೊರಿ ಫೋಮ್ (ಒತ್ತಿದ್ರೆ ಕುಗ್ಗಿ ಕಿವಿ ಆಕಾರಕ್ಕೆ ಕೂರೋ ಸ್ಪಂಜು) ಟಿಪ್ಸ್ ಬೇರೆ ಸಿಗತ್ತೆ, ಹಿಡಿತ ಚೆನ್ನಾಗಿರತ್ತೆ, ಆದ್ರೆ ಬೆವರು ಹೀರ್ಕೊಂಡು ಬೇಗ ಹಾಳಾಗತ್ತೆ. ಓಡುವಾಗ ಪ್ರತಿ ಹೆಜ್ಜೆಗೂ ಕಿವಿಯೊಳಗೆ ದಬ್ ದಬ್ ಅಂತ ಕೇಳತ್ತಲ್ಲ, ಅದು ಪೀಸ್ ಕೆಟ್ಟಿದೆ ಅಂತಲ್ಲ. ಕಿವಿ ಪೂರ್ತಿ ಮುಚ್ಚಿದಾಗ ಮೈಯೊಳಗಿನ ಸದ್ದು ಹೊರಗೆ ಹೋಗೋಕೆ ದಾರಿ ಇರಲ್ಲ. ಅದು ತುಂಬಾ ಕಿರಿಕಿರಿ ಅನ್ನಿಸೋರು ರಬ್ಬರ್ ಇಲ್ಲದ, ಕಿವಿ ಬಾಯಲ್ಲಿ ಸುಮ್ನೆ ಕೂರೋ ಮಾಡೆಲ್ ನೋಡಿ, ಆದ್ರೆ ಜಿಗಿದಾಗ ಅವು ಬೇಗ ಬೀಳ್ತಾವೆ.

ವಾಟರ್‌ಪ್ರೂಫ್ ಅಂತ ಬರೆದಿದ್ರೆ ನಂಬಬೇಡಿ, ಧೂಳು, ನೀರು ಎಷ್ಟು ತಡೆಯತ್ತೆ ಅಂತ ಹೇಳೋ ಐಪಿ ನಂಬರ್ ಹುಡುಕಿ. ಐಪಿಎಕ್ಸ್4 ಅಂದ್ರೆ ಯಾವ ಕಡೆಯಿಂದ ನೀರು ಚಿಮುಕಿದ್ರೂ ತಡೆಯತ್ತೆ, ಐಪಿಎಕ್ಸ್5 ಅಂದ್ರೆ ಪೈಪಿಂದ ರಭಸವಾಗಿ ಬಿಟ್ಟ ನೀರು, ಐಪಿಎಕ್ಸ್7 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ. ಎಕ್ಸ್ ಇರೋ ಜಾಗದಲ್ಲಿ ಧೂಳಿನ ನಂಬರ್ ಬರ್ಬೇಕು, ಎಕ್ಸ್ ಅಂದ್ರೆ ಅದಕ್ಕೆ ರೇಟಿಂಗ್ ಕೊಟ್ಟಿಲ್ಲ ಅಂತ. ಐಪಿ55 ಅಂತಿದ್ರೆ ಧೂಳಿಗೂ ನೀರಿಗೂ ಎರಡಕ್ಕೂ ರೇಟಿಂಗ್ ಇದೆ, ಮಣ್ಣು ರಸ್ತೆಯಲ್ಲಿ ಓಡೋರಿಗೆ ಇದು ಒಳ್ಳೇದು. ಜಿಮ್‌ಗೆ ಐಪಿಎಕ್ಸ್4 ಸಾಕು, ತುಂಬಾ ಬೆವರೋರು, ಮಳೇಲೂ ಓಡೋರು 5ಕ್ಕೆ ಹೋಗಿ. ಒಂದು ಮಾತು ನೆನಪಿರಲಿ, ಈ ಟೆಸ್ಟ್ ಎಲ್ಲಾ ಸಾದಾ ನೀರಲ್ಲಿ ಮಾಡೋದು, ಬೆವರಲ್ಲಿ ಉಪ್ಪಿರತ್ತೆ, ಉಪ್ಪು ಲೋಹ ತಿನ್ನತ್ತೆ. ಮತ್ತೆ ಬಡ್ಸ್‌ಗೆ ಈ ನಂಬರ್ ಇದ್ರೂ ಅದನ್ನ ಇಟ್ಟು ಚಾರ್ಜ್ ಮಾಡೋ ಡಬ್ಬಿಗೆ, ಅಂದ್ರೆ ಕೇಸ್‌ಗೆ, ಸಾಮಾನ್ಯವಾಗಿ ಇರಲ್ಲ.

ಕಂಟ್ರೋಲ್ ವಿಷಯದಲ್ಲಿ ನನ್ನ ಓಟು ಒತ್ತೋ ಬಟನ್‌ಗೇ. ಟಚ್ ಇರೋದು ಬೆರಳು ಒದ್ದೆ ಇದ್ರೆ ಕೇಳಲ್ಲ, ಇಲ್ಲಾಂದ್ರೆ ಟವೆಲ್ ತಾಗಿದ್ರೂ ಹಾಡು ನಿಂತುಬಿಡತ್ತೆ. ಟಚ್ಚೇ ತಗೋಳೋದಾದ್ರೆ ಆ್ಯಪ್‌ನಲ್ಲಿ ಸಿಂಗಲ್ ಟ್ಯಾಪ್ ಆಫ್ ಮಾಡೋಕೆ ಆಗತ್ತಾ ನೋಡಿ.

ಇಎನ್‌ಸಿ ಮತ್ತೆ ಎಎನ್‌ಸಿ ಬೇರೆ ಬೇರೆ, ಇದನ್ನ ತುಂಬಾ ಜನ ಒಂದೇ ಅಂದ್ಕೊಂಡು ದುಡ್ಡು ಕೊಡ್ತಾರೆ. ಇಎನ್‌ಸಿ ಅನ್ನೋದು ಕಾಲ್‌ನಲ್ಲಿ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗಲಾಟೆ ಕೇಳಿಸದಂಗೆ ಮಾಡೋದು, ನಿಮ್ಮ ಕಿವಿಗೆ ಅದ್ರಿಂದ ಏನೂ ವ್ಯತ್ಯಾಸ ಇಲ್ಲ. ನಿಮಗೆ ಕೇಳೋ ಗದ್ದಲ ಕಮ್ಮಿ ಮಾಡೋದು ಎಎನ್‌ಸಿ, ಅದೂ ಈ ರೇಟಲ್ಲಿ ಎಸಿ, ಟ್ರೆಡ್‌ಮಿಲ್ ಮೋಟಾರ್ ಥರದ ಗುಂಯ್ ಸದ್ದನ್ನ ಸ್ವಲ್ಪ ಇಳಿಸತ್ತೆ ಅಷ್ಟೇ, ಪ್ಲೇಟ್ ಬೀಳೋ ಸದ್ದು, ಪಕ್ಕದವರ ಮಾತು ಬರ್ತಾನೇ ಇರತ್ತೆ. ರಬ್ಬರ್ ಸರಿಯಾಗಿ ಕೂತ್ರೇ ಅರ್ಧ ಗದ್ದಲ ಕಮ್ಮಿಯಾಗತ್ತೆ, ವಾಲ್ಯೂಮೂ ಏರಿಸಬೇಕಾಗಲ್ಲ. ಜಿಮ್ ಸ್ಪೀಕರ್ ಮೇಲೆ ಪೈಪೋಟಿಗೆ ಬಿದ್ದು ಫುಲ್ ವಾಲ್ಯೂಮ್ ಇಡೋರು ದಯವಿಟ್ಟು ಇದನ್ನ ಓದಿ: ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ಸದ್ದು 80 ಡೆಸಿಬೆಲ್ (ಸದ್ದಿನ ಅಳತೆ) ಆದ್ರೆ ವಾರಕ್ಕೆ 40 ಗಂಟೆ ಸೇಫು, 90 ಆದ್ರೆ ಬರೀ 4 ಗಂಟೆ. ಒಂದು ಸಲ ಹೋದ ಕಿವಿ ವಾಪಸ್ ಬರಲ್ಲ.

ರೋಡಲ್ಲಿ ಓಡೋರು ಎರಡೂ ಕಿವಿ ಮುಚ್ಕೋಬೇಡಿ. ಫುಟ್‌ಪಾತ್ ಮೇಲೇ ಬೈಕ್ ಬರೋ ಊರು ನಮ್ದು, ಹಿಂದಿಂದ ಬರೋ ಬೈಕು, ನಾಯಿ ಎರಡೂ ಕೇಳ್ಬೇಕು. ಬಡ್ಸ್ ಇರ್ಲಿ, ನೆಕ್‌ಬ್ಯಾಂಡ್ ಇರ್ಲಿ, ಒಂದು ಕಿವಿಗೇ ಹಾಕ್ಕೊಳ್ಳಿ, ಇಲ್ಲಾ ಕಿವಿ ಮುಚ್ಚದ ಓಪನ್ ಇಯರ್ ತಗೊಳ್ಳಿ. ಬೋನ್ ಕಂಡಕ್ಷನ್ (ಮೂಳೆ ಮೂಲಕ ಸದ್ದು ಕೇಳಿಸೋದು) ಅಂತ ಬರೆದು ತೀರಾ ಕಮ್ಮಿ ರೇಟಿಗೆ ಮಾರೋದ್ರಲ್ಲಿ ಕೆಲವು ಬರೀ ಕಿವಿ ಹತ್ರ ಇಟ್ಟಿರೋ ಸಣ್ಣ ಸ್ಪೀಕರ್, ಹುಷಾರು. ಇನ್ನೊಂದು, ಬಯಲಲ್ಲಿ ಓಡುವಾಗ ಹಾಡು ಕಟ್ ಕಟ್ ಆದ್ರೆ ಫೋನನ್ನ ಇನ್ನೊಂದು ಕಡೆ ಜೇಬಿಗೆ ಹಾಕಿ ನೋಡಿ. ಬ್ಲೂಟೂತ್ ಸಿಗ್ನಲ್ 2.4 ಗಿಗಾಹರ್ಟ್ಸ್, ನಮ್ಮ ಮೈ ಬಹುಪಾಲು ನೀರೇ ಆಗಿರೋದ್ರಿಂದ ಅದನ್ನ ತಡೀತದೆ, ಜಿಮ್ ಒಳಗಾದ್ರೆ ಗೋಡೆಗೆ ಬಡಿದು ವಾಪಸ್ ಬರೋದ್ರಿಂದ ಗೊತ್ತಾಗಲ್ಲ.

ಬಡ್ಸ್‌ಗೆ ಬ್ಯಾಟರಿ 50 ಗಂಟೆ ಅನ್ನೋದು ಕೇಸ್ ಸೇರಿಸಿ ಹೇಳೋದು, ಬಡ್ಸ್ ಒಂದೇ ಚಾರ್ಜಿಗೆ ಐದಾರು ಗಂಟೆ ಬಂದ್ರೂ ದಿನಾ ಒಂದು ಗಂಟೆ ವರ್ಕೌಟ್‌ಗೆ ಧಾರಾಳ.

ಆರ್ಡರ್ ಮಾಡೋ ಮೊದ್ಲು ಎಂಆರ್‌ಪಿ 4990, ಆಫರಲ್ಲಿ 1299 ಅನ್ನೋದನ್ನ ನೋಡಿ ಖುಷಿ ಪಡಬೇಡಿ, ವರ್ಷಪೂರ್ತಿ ಅದೇ ರೇಟ್ ಇದ್ದಿರಬಹುದು, ಹಳೇ ಬೆಲೆ ತೋರಿಸೋ ಆ್ಯಪ್‌ಗಳಿವೆ, ಚೆಕ್ ಮಾಡಿ. ರಿವ್ಯೂನಲ್ಲಿ ಐದು ಸ್ಟಾರ್ ಬಿಟ್ಟು ಒಂದು, ಮೂರು ಸ್ಟಾರಿನವು ಓದಿ, ಆರು ತಿಂಗಳಾದ್ಮೇಲೆ ಒಂದು ಸೈಡ್ ಕೇಳ್ತಿಲ್ಲ ಅಂತ ಎಷ್ಟು ಜನ ಬರೆದಿದ್ದಾರೆ ನೋಡಿ. ವಾಪಸ್ ತಗೋತಾರಾ ಇಲ್ಲಾ ಬರೀ ರಿಪ್ಲೇಸ್‌ಮೆಂಟಾ, ನಿಮ್ಮೂರಲ್ಲಿ ಸರ್ವಿಸ್ ಸೆಂಟರ್ ಇದ್ಯಾ ಅಥವಾ ಕೊರಿಯರ್ ಮಾಡ್ಬೇಕಾ ಅಂತನೂ ನೋಡ್ಕೊಳ್ಳಿ. ಐಪಿ ರೇಟಿಂಗ್ ಇದ್ರೂ ನೀರಿಂದ ಕೆಟ್ಟಿದ್ದನ್ನ ವಾರಂಟಿಯಲ್ಲಿ ಒಪ್ಪದ ಕಂಪನಿಗಳು ಬೇಕಾದಷ್ಟಿವೆ, ಆ ಸಾಲು ಓದದೆ ದುಡ್ಡು ಕೊಡಬೇಡಿ.

ತಂದ್ಮೇಲೆ ಒಂದೇ ಒಂದು ಅಭ್ಯಾಸ ಮಾಡ್ಕೊಳ್ಳಿ. ವರ್ಕೌಟ್ ಮುಗಿದ ತಕ್ಷಣ ಬೆವರು ಬಡ್ಸನ್ನ ಹಂಗೇ ಕೇಸ್‌ಗೆ ಹಾಕಬೇಡಿ, ಹಾಕಿದ ಕೂಡಲೇ ಚಾರ್ಜಿಂಗ್ ಶುರುವಾಗತ್ತೆ, ಉಪ್ಪುನೀರು ಜೊತೆಗೆ ಕರೆಂಟು ಸೇರಿ ಆ ಚಿಕ್ಕ ಪಿನ್‌ಗಳು ತುಕ್ಕು ಹಿಡೀತಾವೆ. ಒಂದು ಸೈಡ್ ಚಾರ್ಜ್ ಆಗ್ತಿಲ್ಲ ಅಂತ ಬರೋ ಕಂಪ್ಲೇಂಟಿನ ಹಿಂದೆ ಎಷ್ಟೋ ಸಲ ಇದೇ ಇರತ್ತೆ. ಒಣ ಕಾಟನ್ ಬಟ್ಟೇಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಆಮೇಲೆ ಕೇಸ್‌ಗೆ ಹಾಕಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಆ ಸೆಕೇಲಿ ಇನ್ನೂ ಜಾಸ್ತಿ ಹೊತ್ತು ಬಿಡಿ, ಶೂ ಬಾಕ್ಸ್‌ನಲ್ಲಿ ಬರೋ ಸಿಲಿಕಾ ಜೆಲ್ ಪ್ಯಾಕೆಟ್ ಎಸೀದೆ ಪೌಚ್‌ನಲ್ಲಿ ಇಟ್ಕೊಳ್ಳಿ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೇಲಿ ಬೈಕ್ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ, ಬಿಸಿಗೆ ಲಿಥಿಯಂ ಬ್ಯಾಟರಿ ಬೇಗ ಸೊರಗತ್ತೆ, ಬಡ್ಸ್ ಬ್ಯಾಟರಿ ಹೋದ್ರೆ ಬೇರೆ ಹಾಕ್ಸೋಕೆ ಹೆಚ್ಚುಕಮ್ಮಿ ಆಗಲ್ಲ, ಹೊಸಾದೇ ತಗೋಬೇಕು.