ಪೆನ್ಸಿಲಿನಲ್ಲಿ ಬರೆದ ಉತ್ತರಗಳು

2023ರ ಗಣೇಶ ಚೌತಿಯ ಮೂರನೆಯ ಸಂಜೆ. ಗದಗಿನ ನಮ್ಮ ಓಣಿಯ ಪೆಂಡಾಲಿನಲ್ಲಿ ರಸಪ್ರಶ್ನೆ ನಡೆಸುತ್ತಿದ್ದೆ. ನಾಲ್ಕು ತಂಡ, ತಂಡಕ್ಕೆ ಇಬ್ಬರು, ಎದುರಿಗೆ ಜಮಖಾನದ ಮೇಲೆ ಓಣಿಯ ಜನ. ಕಾರ್ಡು ಎತ್ತಿ ಓದಿದೆ: ‘ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಿದೆ?’ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಟ್ಟನೆ ‘ಹುಬ್ಬಳ್ಳಿ’ ಎಂದಳು. ನಾನು ಕಾರ್ಡಿನ ಬೆನ್ನು ತಿರುವಿ ನೋಡಿ, ‘ತಪ್ಪು, ಗೋರಖಪುರ’ ಎಂದೆ.

ಜಮಖಾನದ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ‘ತಂಗೀ, ಹುಡುಗಿ ಹೇಳಿದ್ದೇ ಸರಿ. ಮಾರ್ಚ್ 12ಕ್ಕೆ ಉದ್ಘಾಟನೆ ಆಯಿತು. 1507 ಮೀಟರ್. ನಾನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಬಂದಿದ್ದೇನೆ’ ಎಂದರು. ಜನ ನಕ್ಕರು. ಹುಬ್ಬಳ್ಳಿ ನಮ್ಮಿಂದ ಒಂದೂವರೆ ಗಂಟೆಯ ದಾರಿ. ಆರು ತಿಂಗಳ ಹಿಂದೆ ಪತ್ರಿಕೆಗಳ ಮುಖಪುಟದಲ್ಲಿ ಬಂದ ಸುದ್ದಿ. ಅದನ್ನು ಓದಿಯೂ ಇದ್ದೆ. ಆದರೆ ಕಾರ್ಡು ಬರೆದದ್ದು ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ ನೋಡಿ. ಓದಿದ್ದಕ್ಕೂ ಬರೆದದ್ದಕ್ಕೂ ನನ್ನ ತಲೆಯಲ್ಲಿ ಸಂಬಂಧವೇ ಇರಲಿಲ್ಲ.

ನನ್ನ ಕಸುಬು ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಇಡೀ ದಿನ ಇನ್ನೊಬ್ಬರ ತಪ್ಪು ಹುಡುಕುವವಳು ನನ್ನ ಕಾರ್ಡಿನ ತಪ್ಪನ್ನು ಕಾಣದೆ ಹೋದೆನಲ್ಲ ಎಂಬುದು ಹೆಚ್ಚು ಚುಚ್ಚಿತು. ಆ ರಾತ್ರಿ ಮನೆಗೆ ಬಂದು ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತೆ. ಇನ್ನೂ ಹಳೆಯ ಒಂದು ಕಾರ್ಡಿನಲ್ಲಿ ಇದೇ ಪ್ರಶ್ನೆಗೆ ‘ಖರಗ್‌ಪುರ’ ಎಂದಿತ್ತು. ಅಂದರೆ ಖರಗ್‌ಪುರದ 1072 ಮೀಟರನ್ನು ಗೋರಖಪುರದ 1366 ಮೀಟರ್ ಹಿಂದೆ ಹಾಕಿತ್ತು, ಅದನ್ನು ಹುಬ್ಬಳ್ಳಿ ಹಿಂದೆ ಹಾಕಿತ್ತು, ಮೂರೂ ಉತ್ತರಗಳು ತಮ್ಮ ತಮ್ಮ ಕಾಲದಲ್ಲಿ ಸರಿಯಾಗಿದ್ದವು. ಹಾಲಿನ ಪಾಕೀಟಿನ ಮೇಲೆ ದಿನಾಂಕ ಇರುತ್ತದೆ, ಉತ್ತರದ ಮೇಲೆ ಇರುವುದಿಲ್ಲ.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿದೆ. ಪ್ರಶ್ನೆ, ಉತ್ತರ, ಕೊನೆಯ ಬಾರಿ ಪರಿಶೀಲಿಸಿದ ದಿನ. ಬದಲಾಗಬಹುದಾದ ಉತ್ತರವನ್ನು ಪೆನ್ಸಿಲಿನಲ್ಲಿ, ಬದಲಾಗದ್ದನ್ನು ಶಾಯಿಯಲ್ಲಿ ಬರೆಯುತ್ತೇನೆ. ಬೇಂದ್ರೆಯವರಿಗೆ ಜ್ಞಾನಪೀಠ ಬಂದ ವರ್ಷ ಶಾಯಿ. ಕನ್ನಡಕ್ಕೆ ಬಂದ ಜ್ಞಾನಪೀಠಗಳು ಎಷ್ಟು ಎಂಬುದು ಪೆನ್ಸಿಲು. ಈಗ ಎಂಟು ಎಂದಿದೆ, ಅಳಿಸಿ ಒಂಬತ್ತು ಎಂದು ಬರೆಯುವ ದಿನ ಬಂದರೆ ನನಗಿಂತ ಸಂತೋಷ ಯಾರಿಗೆ?

‘ಅತಿ’, ‘ಮೊದಲ’, ‘ಏಕೈಕ’ ಎಂಬ ಮೂರು ಪದಗಳನ್ನು ಕಂಡರೆ ಈಗ ನನ್ನ ಕೈಯ ಕೆಂಪು ಪೆನ್ನು ತಾನಾಗಿಯೇ ಏಳುತ್ತದೆ. ನಮ್ಮ ಜಿಲ್ಲೆಯ ಕಣಗಿನಹಾಳದ ಪ್ರಶ್ನೆಯನ್ನೇ ನೋಡಿ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಎಲ್ಲಿ ಹುಟ್ಟಿತು ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ನಮ್ಮ ಊರಿನ ಹೆಮ್ಮೆ, ನನಗೂ ಇದೆ. ಆದರೆ ‘ಏಷ್ಯಾದ ಮೊದಲ’ ಎಂದಾಗ ಇನ್ನೊಂದು ಊರಿನವರು ತಮ್ಮ ದಾಖಲೆ ಹಿಡಿದು ಬರಬಹುದು. ಆದ್ದರಿಂದ ಹೀಗೆ ತಿದ್ದಿದೆ: ‘1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಕಟ್ಟಿದ ಗದಗ ಬಳಿಯ ಹಳ್ಳಿ ಯಾವುದು?’ ಹೆಮ್ಮೆಯೂ ಉಳಿಯಿತು, ಜಗಳವೂ ತಪ್ಪಿತು. ಹಲ್ಮಿಡಿಯದೂ ಇದೇ ಕಥೆ. ‘ಕನ್ನಡದ ಮೊದಲ ಶಾಸನ’ ಎಂದರೆ ತಾಳಗುಂದದ ಸಿಂಹಕಟಾಂಜನ ಶಾಸನದ ವಾದ ಏಳುತ್ತದೆ. ‘ಸುಮಾರು 450ರ ಕಾಲದ್ದೆನ್ನುವ, ಹಾಸನ ಜಿಲ್ಲೆಯಲ್ಲಿ ಸಿಕ್ಕ ಶಾಸನ’ ಎಂದರೆ ಯಾರೂ ಎದ್ದು ನಿಲ್ಲುವುದಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವುದು ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ‘ದೇಶದ ಬಾವುಟಗಳೆಲ್ಲ ಎಲ್ಲಿ ತಯಾರಾಗುತ್ತವೆ’ ಎಂಬ ಹಳೆಯ ಕಾರ್ಡನ್ನು ಹರಿದು ಹಾಕಿದೆ. ಏಕೆಂದರೆ 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರ್ ಬಾವುಟಗಳಿಗೂ ಅನುಮತಿ ಸಿಕ್ಕಿತು. ಬದಲಿಗೆ ಈಗ ಕೇಳುವುದು: ‘ಬಾವುಟದ ಉದ್ದ 21 ಅಡಿ ಇದ್ದರೆ ಅಗಲ ಎಷ್ಟು?’ ಉದ್ದಗಲ 3:2 ಎಂದು ತಿಳಿದವನು ಹದಿನಾಲ್ಕು ಎನ್ನುತ್ತಾನೆ. ಬಾಯಿಪಾಠದವನು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ.

ಆ ಒಂದು ಕ್ಷಣಕ್ಕಾಗಿಯೇ ನಾನು ಈ ಕೆಲಸ ಮಾಡುವುದು. ಧಾರವಾಡದ ಕೋಚಿಂಗ್ ತರಗತಿಗಳಿಂದ ಬಂದ ಹುಡುಗರು ರಾಜಧಾನಿ, ನಾಣ್ಯ, ನದಿ ಎಲ್ಲವನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಜಮಖಾನದ ಮೇಲೆ ಕುಳಿತವರಿಗೆ ಅದು ಯಾರದೋ ಪರೀಕ್ಷೆಯನ್ನು ನೋಡಿದಂತೆ. ಗೊತ್ತಿಲ್ಲದವನಿಗೂ ಉತ್ತರದ ಕಡೆಗೆ ಒಂದು ಕಾಲುದಾರಿ ಕಾಣಬೇಕು. ಅಂಥ ಪ್ರಶ್ನೆ ಬಿದ್ದಾಗ ಪೆಂಡಾಲಿನಲ್ಲಿ ಗುಸುಗುಸು ಏಳುತ್ತದೆ, ಅಡುಗೆ ಬಡಿಸುವವರೂ ಸೌಟು ಹಿಡಿದು ನಿಲ್ಲುತ್ತಾರೆ.

ಸವಣೂರಿನ ಮಠದ ಆವರಣದಲ್ಲಿರುವ ಭಾರೀ ಮರಗಳು ನನಗೆ ಮೊದಲು ಸಿಕ್ಕ ಅಂಥ ಪ್ರಶ್ನೆ. ಜನರ ಬಾಯಲ್ಲಿ ಅವು ದೊಡ್ಡ ಹುಣಸೆಮರ. ‘ಸವಣೂರಿನ ದೊಡ್ಡ ಹುಣಸೆಮರ ಹುಣಸೆಯ ಜಾತಿಯಲ್ಲ. ಯಾವ ಖಂಡದಿಂದ ಬಂದದ್ದು? ಮತ್ತೆ ಹುಣಸೆ ಎಂಬ ಹೆಸರು ಏಕೆ?’ ಅದು ಆಫ್ರಿಕಾದ ಬಾವೊಬಾಬ್, ನಮ್ಮ ಬೂರುಗದ ನೆಂಟ. ಎಲೆ ಅಂಗೈಯಂತೆ ಬೆರಳು ಬಿಟ್ಟಿರುತ್ತದೆ, ಹುಣಸೆಯ ಎಲೆಯ ಹಾಗೆ ಸಣ್ಣ ಸಣ್ಣ ಜೋಡಿಯಲ್ಲ. ಹೆಸರಿನ ಗುಟ್ಟು ಕಾಯಿಯ ತಿರುಳಿನ ಹುಳಿಯಲ್ಲಿದೆ. ಸಾವಿರ ಸಲ ನೋಡಿದ ಮರದ ಹೆಸರು ಸುಳ್ಳು ಎಂದು ತಿಳಿದಾಗ ಸವಣೂರಿನ ಸೊಸೆಯೊಬ್ಬಳ ಮುಖ ನೋಡಬೇಕಿತ್ತು.

ವಿಜ್ಞಾನದ ಪ್ರಶ್ನೆಗಳಲ್ಲಿ ನನ್ನ ಮುದ್ದಿನದು ನೆರಳಿನದು. ‘ಜೂನ್ ತಿಂಗಳಲ್ಲಿ ಗದಗಿನ ಬಯಲಿನಲ್ಲಿ ನೆಟ್ಟ ಕಂಬದ ನಡುಹಗಲಿನ ನೆರಳು ಯಾವ ದಿಕ್ಕಿಗೆ ಬೀಳುತ್ತದೆ?’ ನೂರಕ್ಕೆ ತೊಂಬತ್ತು ಜನ ‘ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ’ ಎನ್ನುತ್ತಾರೆ. ಸ್ವಲ್ಪ ಓದಿದವರು ‘ಉತ್ತರಕ್ಕೆ’ ಎನ್ನುತ್ತಾರೆ. ಎರಡೂ ಅಲ್ಲ, ದಕ್ಷಿಣಕ್ಕೆ. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರಾಯಣದ ಸೂರ್ಯ ಮೇ ಮೊದಲ ವಾರದಲ್ಲಿ ನಮ್ಮ ನೆತ್ತಿಯನ್ನು ದಾಟಿ ಮುಂದೆ ಹೋಗುತ್ತಾನೆ, ಕರ್ಕಾಟಕ ವೃತ್ತದವರೆಗೆ ಹೋಗಿ ಮರಳಿ ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಆ ಎರಡು ದಿನ ಮಾತ್ರ ನೆಟ್ಟ ಕೋಲಿಗೆ ನೆರಳಿಲ್ಲ. ನಡುವಿನ ಮೂರು ತಿಂಗಳು ಸೂರ್ಯ ನಮಗೆ ಉತ್ತರದಲ್ಲಿ, ನೆರಳು ದಕ್ಷಿಣಕ್ಕೆ.

ಪುಸ್ತಕ ನಂಬಿ ಒಮ್ಮೆ ಸುಟ್ಟುಕೊಂಡವಳು. ಆದ್ದರಿಂದ ಮಾಳಿಗೆಯ ಮೇಲೆ ಹೋಗಿ ರೊಟ್ಟಿ ಹಿಟ್ಟಿನ ಮುದ್ದೆಯಲ್ಲಿ ಪೆನ್ಸಿಲು ನೆಟ್ಟು, ನೂಲಿಗೆ ಕೀಲಿಕೈ ಕಟ್ಟಿ ಅದು ನೇರವಾಗಿದೆಯೇ ಎಂದು ನೋಡಿಕೊಂಡು, ಮೇ ತಿಂಗಳ ಬಿಸಿಲಿನಲ್ಲಿ ಕುಳಿತೆ. ‘ಏನವ್ವಾ, ತಿನ್ನುವ ಹಿಟ್ಟಿನಲ್ಲಿ ಆಟವೇ?’ ಎಂದು ಅತ್ತೆ ಕೆಳಗಿನಿಂದ ಕೂಗಿದರು. ಗಡಿಯಾರದಲ್ಲಿ ಹನ್ನೆರಡಾಯಿತು, ನೆರಳು ಇನ್ನೂ ಇತ್ತು. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ಗಂಟೆಗೆ ಹತ್ತಿರ. ಹನ್ನೆರಡೂ ಇಪ್ಪತ್ತೈದರ ಆಸುಪಾಸಿನಲ್ಲಿ ನೆರಳು ಪೆನ್ಸಿಲಿನ ಬುಡದಲ್ಲಿ ಅಡಗಿತು. ಅತ್ತೆಯನ್ನು ಮೇಲೆ ಕರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ‘ಹಾಗಾದರೆ ನಮ್ಮ ಮಧ್ಯಾಹ್ನವನ್ನು ಇಷ್ಟು ದಿನ ಬೇರೆ ಊರಿನವರು ಹೇಳುತ್ತಿದ್ದರೇ?’ ಎಂದರು. ಅದನ್ನೂ ಪ್ರಶ್ನೆ ಮಾಡಿಕೊಂಡಿದ್ದೇನೆ.

ಒಂದೇ ಉತ್ತರ ಇರುವಂತೆ ವಾಕ್ಯ ಕಟ್ಟುವುದು ಮಾತ್ರ ಕರಡು ತಿದ್ದುವುದಕ್ಕಿಂತ ಕಷ್ಟ. ‘ಜ್ಞಾನಪೀಠ ಪಡೆದ ಧಾರವಾಡದ ಸಾಹಿತಿ ಯಾರು?’ ಎಂದು ಕೇಳಿ ನಾನು ಒಮ್ಮೆ ಪೆಚ್ಚಾದೆ. ನನ್ನ ಕಾರ್ಡಿನಲ್ಲಿ ಬೇಂದ್ರೆ. ಒಂದು ತಂಡ ‘ಗಿರೀಶ ಕಾರ್ನಾಡ’ ಎಂದಿತು. ಅವರು ಕರ್ನಾಟಕ ಕಾಲೇಜಿನಲ್ಲಿ ಓದಿದವರು, ತಪ್ಪೆಂದು ಹೇಗೆ ಹೇಳುವುದು? ಕಂಬಾರರನ್ನೂ ಸವಣೂರಿನಲ್ಲಿ ಹುಟ್ಟಿದ ಗೋಕಾಕರನ್ನೂ ಧಾರವಾಡ ತನ್ನವರೆನ್ನುತ್ತದೆ. ‘ಧಾರವಾಡದ’ ಎಂಬ ಷಷ್ಠಿ ವಿಭಕ್ತಿಯೊಳಗೆ ಹುಟ್ಟು, ಓದು, ಬದುಕು ಎಲ್ಲವೂ ನುಸುಳುತ್ತವೆ. ಈಗಿನ ಕಾರ್ಡು: ‘1973ರ ಜ್ಞಾನಪೀಠವನ್ನು ಒಡಿಯಾದ ಗೋಪಿನಾಥ ಮೊಹಂತಿಯವರೊಂದಿಗೆ ಹಂಚಿಕೊಂಡ ಕನ್ನಡ ಕವಿ ಯಾರು?’ ಹೀಗೆಯೇ ‘ದಂಡಿಯಾತ್ರೆಗೆ ಎಷ್ಟು ಜನ ಹೊರಟರು’ ಎಂಬುದನ್ನೂ ಬಿಟ್ಟೆ. ಗಾಂಧೀಜಿಯನ್ನು ಎಣಿಸುತ್ತೀರೋ ಇಲ್ಲವೋ ಎಂಬುದರ ಮೇಲೆ 78, 79 ಎರಡೂ ಬರುತ್ತವೆ. ಅವರೊಂದಿಗೆ ನಡೆದ ಮೋಟೆಬೆನ್ನೂರಿನ ಯುವಕ ಯಾರು ಎಂದು ಕೇಳಿದರೆ ಮೈಲಾರ ಮಹದೇವಪ್ಪನವರ ಹೆಸರು ಒಂದೇ.

ಕೆಲವೊಮ್ಮೆ ಕಾರ್ಡು ಸರಿ ಇದ್ದು ಸಭೆ ತಪ್ಪಾಗಿರುತ್ತದೆ. ‘ಭಾರತದ ರಾಷ್ಟ್ರೀಯ ಕ್ರೀಡೆ ಎಂದು ಸರ್ಕಾರ ಯಾವುದನ್ನು ಘೋಷಿಸಿದೆ?’ ಎಂದು ಕೇಳಿ, ‘ಯಾವುದನ್ನೂ ಇಲ್ಲ’ ಎಂದೆ. ಮೇಷ್ಟರೊಬ್ಬರು ಎದ್ದು, ‘ನಾನು ಮೂವತ್ತು ವರ್ಷ ಹಾಕಿ ಎಂದು ಪಾಠ ಮಾಡಿದ್ದೇನೆ’ ಎಂದರು. 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಕೇಂದ್ರವೇ ಹಾಗೆ ಉತ್ತರಿಸಿದೆ ಎಂದು ಹೇಳಿದೆ. ನವಿಲನ್ನು 1963ರಲ್ಲಿ ರಾಷ್ಟ್ರಪಕ್ಷಿ ಎಂದು ಘೋಷಿಸಿದಂತೆ ಹಾಕಿಗೆ ಘೋಷಣೆ ಆಗಲೇ ಇಲ್ಲ ಎಂದೂ ಹೇಳಿದೆ. ಅವರು ಒಪ್ಪಲಿಲ್ಲ. ಮೂವತ್ತು ವರ್ಷವನ್ನು ಒಂದು ಸಂಜೆಯಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ಆ ಪ್ರಶ್ನೆಯನ್ನು ಈಗ ಹಿರಿಯರ ಮುಂದೆ ತೆಗೆಯುವುದಿಲ್ಲ. ಹೇಡಿತನ ಎಂದರೆ ಎನ್ನಲಿ.

ಬಜರ್, ಸಮಯ, ಪಾಸ್ ಆದ ಪ್ರಶ್ನೆಗೆ ಎಷ್ಟು ಅಂಕ, ಇವೆಲ್ಲ ಎರಡು ಸಲ ನಡೆಸಿದರೆ ಕೈಗೆ ಹತ್ತುತ್ತವೆ. ಒಂದು ಮಾತು ಮಾತ್ರ: ಮೈಕು ಕೂಗುವ ಪೆಂಡಾಲಿನಲ್ಲಿ ‘ಹದಿಮೂರು’, ‘ಹದಿನಾರು’ ಒಂದೇ ರೀತಿ ಕೇಳಿಸುತ್ತವೆ, ಅಂಕಿಯ ಉತ್ತರವನ್ನು ಹಲಗೆಯ ಮೇಲೆ ಬರೆಸಿ.

ನನ್ನ ಕೈಯಾರೆ ಕಟ್ಟಿದ ಪ್ರಶ್ನೆಗಳಲ್ಲಿ ಹೆಚ್ಚು ದಿನ ಹಿಡಿದದ್ದು ಕೊಂಡಿಯ ಪ್ರಶ್ನೆ, ಅಂದರೆ ಬೇರೆ ಬೇರೆ ವಿಷಯಗಳ ಸುಳಿವುಗಳನ್ನು ಒಂದೇ ಉತ್ತರ ಬೆಸೆಯುವಂಥದ್ದು. ಡಂಬಳದ ದೊಡ್ಡಬಸಪ್ಪನ ಗುಡಿಯ ಗರ್ಭಗೃಹದ ಹೊರಗೋಡೆ ನಕ್ಷತ್ರದಂತೆ 24 ಮೊನೆಗಳದು. ಅದನ್ನು ನೋಡುತ್ತ ನಿಂತಾಗ ಬೆಂಗೇರಿಯ ಬಾವುಟದ ಚಕ್ರ ನೆನಪಾಯಿತು, 24 ಕಡ್ಡಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ನೆನಪಾಯಿತು, ಜೈನರ ತೀರ್ಥಂಕರರು 24. ಕ್ರೀಡೆಗೆ ವಾರಗಟ್ಟಲೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನಮ್ಮ ಗದಗಿನ ಸುನಿಲ್ ಜೋಶಿ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆರು ಓವರುಗಳಲ್ಲಿ ಒಂದೂ ರನ್ ಇಲ್ಲ, ಅಂದರೆ ಆ ಆರು ರನ್ ಬಂದದ್ದು ಉಳಿದ ನಾಲ್ಕು ಓವರಿನ 24 ಎಸೆತಗಳಲ್ಲಿ! ಪ್ರೆಸ್ಸಿನಲ್ಲಿ ಕುಳಿತಲ್ಲೇ ಕೂಗಿಬಿಟ್ಟೆ. ವಿಜ್ಞಾನದ ಸುಳಿವು ಬಹುಮಾನದ ಮೇಜಿನ ಮೇಲೆಯೇ ಇತ್ತು. ಸ್ಟೀಲ್ ಡಬ್ಬಿಗೆ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂನ ಪರಮಾಣು ಸಂಖ್ಯೆ 24. ಗುಡಿ, ಬಾವುಟ, ತೀರ್ಥಂಕರರು, ಜೋಶಿಯವರ ಉಳಿದ ಎಸೆತಗಳು, ಡಬ್ಬಿಯ ಲೋಹ, ಇವಕ್ಕೆಲ್ಲ ಕೊಂಡಿಯಾದ ಸಂಖ್ಯೆ ಯಾವುದು? ಒಂದೊಂದೇ ಸುಳಿವು ಕೊಡುತ್ತ ಹೋದರೆ ಕ್ರಿಕೆಟ್ ಹುಚ್ಚಿನ ಹುಡುಗನೂ ಲಕ್ಕುಂಡಿಗೆ ನಡೆದುಕೊಳ್ಳುವ ಅಜ್ಜಿಯೂ ಒಂದೇ ಉತ್ತರದ ಬಾಗಿಲಿಗೆ ಬರುತ್ತಾರೆ.

ಆ ಪ್ರಶ್ನೆಯನ್ನು ಮೊದಲು ತೋರಿಸಿದ್ದು ರೈಲ್ವೆ ಕಾಕಾನಿಗೆ. ಹೌದು, ಅಂದು ಎದ್ದು ನಿಂತವರಿಗೇ. ಚೌತಿ ಮುಗಿದ ಮರುದಿನ ಅವರ ಮನೆಗೆ ಹೋಗಿ, ಮುಂದಿನ ಸಲದಿಂದ ನನ್ನ ಕಾರ್ಡುಗಳನ್ನು ನೀವು ಓದಿಕೊಡಬೇಕು ಎಂದು ಕೇಳಿಕೊಂಡೆ. ಅವರು ಕನ್ನಡಕ ಏರಿಸಿ ಓದುತ್ತಾರೆ, ಪ್ರತಿ ಕಾರ್ಡಿಗೂ ‘ಯಾರು ಅಳೆದರು?’ ಎನ್ನುತ್ತಾರೆ. ಜೋಶಿಯವರ ಎಸೆತಗಳ ಸುಳಿವಿಗೂ ತಗಾದೆ ತೆಗೆದರು: ‘ವೈಡು, ನೋಬಾಲು?’ ‘ನಿಯಮಬದ್ಧ ಎಸೆತ’ ಎಂದು ಸೇರಿಸಿದ ಮೇಲೆಯೇ ಬಿಟ್ಟದ್ದು.

ಪ್ಲಾಟ್‌ಫಾರ್ಮಿನ ಪ್ರಶ್ನೆಯನ್ನು ಮಾತ್ರ ನಾನು ತೆಗೆದುಹಾಕಿದ್ದೆ. ಅವರೇ ಮತ್ತೆ ಬರೆಸಿದರು: ‘ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮನ್ನು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದು ಮುಗಿಸಲು ಎಷ್ಟು ಹೊತ್ತು ಬೇಕು?’ ಹದಿನೆಂಟು ನಿಮಿಷ. ಜಗತ್ತಿನಲ್ಲಿ ಎಲ್ಲಿ ಎಷ್ಟು ಉದ್ದದ್ದು ಕಟ್ಟಿದರೂ ಇದು ಕೆಡುವುದಿಲ್ಲ ಎಂದು ನಾನು ಶಾಯಿ ಪೆನ್ನು ತೆಗೆದೆ. ಕಾಕಾ ನನ್ನ ಕೈ ತಡೆದು, ‘ತಂಗೀ, ಅದನ್ನು ಇನ್ನೂ ಉದ್ದ ಮಾಡಿದರೆ?’ ಎಂದು ಪೆನ್ಸಿಲು ಕೊಟ್ಟರು.